ರಾಜ್ಯಭಾರದ ರೀತಿಗಳೂ ನಮ್ಮ ಹೊಣೆಯೂ



ಯಾರು ಆಳಿದರೂ ರಾಗಿ ಬೀಸುವದು ತಪ್ಪದು ಎಂಬ ಗಾದೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ದುಡಿದು ಉಣ್ಣುವ ಬಡವರ ಬಾಯಿಂದ ಹುಟ್ಟಿದ ಮಾತು ಇದು. ಅರಸರು ಬಂದರು, ಹೋದರು. ಕಮಿಷನರು ಬಂದರು, ಹೋದರು. ಈಗ ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ಬೀಸುವ ಕೈಗೆ ಮಾತ್ರ ಬಿಡುವಿಲ್ಲ ಎಂಬದು ಇದರ ತಾತ್ಪರ್ಯ. ಈ ಮಾತಿನಲ್ಲಿ ಸತ್ಯವುಂಟು. ಆದರೆ ಪೂರ್ಣ ಸತ್ಯವುಂಟೋ? ಆಳುವ ರೀತಿ ಯಾವದಾದರೂ ಬಡವನ ಪಾಲಿಗೆ ಎಲ್ಲವೂ ಒಂದೇ ಆಗಿದ್ದರೆ ಅದರ ವಿಷಯವಾಗಿ ವಿಚಾರಿಸುವದು ವ್ಯರ್ಥವಾದ ಕೆಲಸ. ಒಂದೇ ಅಲ್ಲದಿದ್ದರೆ ವಿಚಾರಿಸದೆ ಇರುವದು ತಪ್ಪು. ಆದದರಿಂದ ಈ ತಿಂಗಳು ನಾವು ಈ ಸಂಗತಿಯನ್ನು ಕೂಡಿ ಆಲೋಚಿಸೋಣ.

ಒಂದು ಚಿಕ್ಕ ದೃಷ್ಟಾಂತವನ್ನು ಮುಂದಿಟ್ಟುಕೊಂಡು ಹೊರಡುವದು ಲೇಸು. ಬೆಂಗಳೂರಿನ ಹೊರವಲಯದ ಒಂದು ಊರಿನಲ್ಲಿ ಒಬ್ಬ ವಿಧವೆ ಇದ್ದಾಳೆಂದು ಭಾವಿಸಿರಿ. ಆಕೆಯ ಮನೆಯ ಮುಂದಿನ ಮೋರಿ ಕಟ್ಟಿಕೊಂಡಿದೆ. ಮಳೆ ಹುಯ್ದರೆ ಕೊಚ್ಚೆ ನೀರು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಮೊಮ್ಮಗನು ಜ್ವರದಿಂದ ಮಲಗಿದ್ದಾನೆ. ಆಕೆ ಯಾರ ಬಳಿಗೆ ಹೋಗಬೇಕು? ಹೋದರೆ ಅವರು ಆಕೆಯ ಮಾತನ್ನು ಕೇಳಲೇಬೇಕೆಂಬ ಕಟ್ಟುಪಾಡುಂಟೋ? ಕೇಳದೆ ಹೋದರೆ ಆಕೆ ಏನು ಮಾಡಬಲ್ಲಳು? ಈ ಮೂರು ಪ್ರಶ್ನೆಗಳನ್ನು ಒಂದೊಂದು ರಾಜ್ಯಭಾರಕ್ಕೂ ಹಾಕಿ ನೋಡಿದರೆ ಅದರ ಗುಣದೋಷಗಳು ತಾನಾಗಿ ತಿಳಿಯುವವು.

ಪೂರ್ವಕಾಲದ ಗ್ರೀಕ್ ದೇಶದಲ್ಲಿ ಅರಿಸ್ಟಾಟಲ್ ಎಂಬ ಜ್ಞಾನಿಯು ರಾಜ್ಯಭಾರಗಳನ್ನು ಎಣಿಸಿ ವಿಂಗಡಿಸಿದನು. ಒಬ್ಬನು ಆಳುವದು, ಕೆಲವರು ಆಳುವದು, ಬಹುಜನರು ಆಳುವದು ಎಂದು ಮೂರು ವಿಧ. ಆಳುವವರು ಎಲ್ಲರ ಹಿತವನ್ನು ನೋಡಿದರೆ ಮೂರೂ ಒಳ್ಳೆಯವು. ತಮ್ಮ ಹಿತವನ್ನು ಮಾತ್ರ ನೋಡಿಕೊಂಡರೆ ಮೂರೂ ಕೆಟ್ಟವು ಎಂದು ಅವನು ತೋರಿಸಿದನು. ಹೀಗೆ ಎಣಿಕೆ ಒಂದು ಮಾತು, ಉದ್ದೇಶ ಇನ್ನೊಂದು ಮಾತು. ನಮ್ಮ ಮೈಸೂರು ಸೀಮೆಯು ಇನ್ನೂರು ವರ್ಷಗಳೊಳಗೆ ಈ ಮೂರು ವಿಧಗಳನ್ನೂ ಅನುಭವಿಸಿದ್ದರಿಂದ ಪಾಠಕ್ಕಾಗಿ ನಾವು ದೂರ ದೇಶಕ್ಕೆ ಹೋಗಬೇಕಾಗಿಲ್ಲ.

ಮೊದಲು ಒಬ್ಬನ ಆಳಿಕೆಯನ್ನು ನೋಡೋಣ. ಒಳ್ಳೆಯ ಅರಸನು ಬೇಗ ಒಳ್ಳೆಯದನ್ನು ಮಾಡಬಲ್ಲನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1902ನೇ ಇಸವಿಯಲ್ಲಿ, ಶಿವನಸಮುದ್ರದಲ್ಲಿ ವಿದ್ಯುಚ್ಛಕ್ತಿಯು ಉತ್ಪನ್ನವಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿದವು. ಸರಕಾರದ ಉದ್ಯೋಗಗಳು ಒಂದೇ ಪಂಗಡದವರ ಕೈಯಲ್ಲಿ ಸೇರಿಕೊಂಡಿವೆ ಎಂಬ ದೂರು ಬಂದಾಗ, 1918ರಲ್ಲಿ ಅದನ್ನು ವಿಚಾರಿಸುವದಕ್ಕೆ ನ್ಯಾಯಾಧೀಶ ಮಿಲ್ಲರ್ ಎಂಬವರ ಮುಖಂಡತನದಲ್ಲಿ ಸಮಿತಿಯು ನೇಮಕವಾಯಿತು. ಇವು ಸಣ್ಣ ಕೆಲಸಗಳಲ್ಲ. ಅದಕ್ಕೂ ಮುಂಚೆ, 1882ನೇ ಇಸವಿಯಲ್ಲಿ, ಡಿ. ಎಸ್. ವೈಟ್ ಎಂಬವರ ಸಂಘದವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರಿಗಾಗಿ ನೆಲವನ್ನು ಬೇಡಿಕೊಂಡಾಗ, ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಮೂಡಣದಲ್ಲಿ 3,900 ಎಕರೆ ಭೂಮಿಯನ್ನು ಕೊಟ್ಟರು. ಅದೇ ಇಂದಿನ ವೈಟ್‌ಫೀಲ್ಡ್. ಅರಸನು ಮನಸ್ಸು ಮಾಡಿದ್ದರಿಂದ ಒಂದು ಊರೇ ಹುಟ್ಟಿತು.

ಆದರೆ ಅರಸನು ಮನಸ್ಸು ಮಾಡದಿದ್ದರೆ? ಇಲ್ಲಿಯೇ ತೊಡಕು. ನಮ್ಮ ವಿಧವೆಯು ಅರಮನೆಯ ಬಾಗಿಲಿಗೆ ಹೋಗಿ ಅರಿಕೆ ಮಾಡಿಕೊಳ್ಳಬಹುದು; ಕೊಟ್ಟರೆ ದಯೆ, ಕೊಡದಿದ್ದರೆ ಅವಳ ಹಣೇಬರಹ. ಕೇಳುವದು ಬೇಡಿಕೆಯೇ ಹೊರತು ಹಕ್ಕಲ್ಲ. ಇಷ್ಟು ಒಳ್ಳೆಯವರೆಂದು ಹೆಸರಾದ ಅದೇ ಅರಸರ ಕಾಲದಲ್ಲಿಯೇ, 1938ನೇ ಇಸವಿ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜವನ್ನು ಹಾರಿಸುವದಕ್ಕೆ ಕೂಡಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು, ಜನರು ಸತ್ತರು. ಅರಸನು ಒಳ್ಳೆಯವನಾಗಿದ್ದರೂ ಪ್ರಜೆಯು ಬೇಡುವವನಾಗಿಯೇ ಉಳಿದರೆ, ಬೇಡುವ ಧ್ವನಿಯು ಸ್ವಲ್ಪ ಗಟ್ಟಿಯಾದಾಗ ಅದು ಅಪರಾಧವಾಗಿ ಕಾಣುತ್ತದೆ.

ಎರಡನೆಯದು ಕೆಲವರ ಆಳಿಕೆ. 1831ನೇ ಇಸವಿಯಲ್ಲಿ ಇಂಗ್ಲಿಷ್ ಕಂಪೆನಿಯವರು ದುರಾಡಳಿತವೆಂಬ ಕಾರಣವನ್ನು ಹೇಳಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತೆಗೆದುಕೊಂಡರು. 1881ರ ವರೆಗೆ, 50 ವರ್ಷಗಳ ಕಾಲ, ಕಮಿಷನರುಗಳು ಆಳಿದರು. ಅವರಲ್ಲಿ ಬಲ್ಲವರು ಇದ್ದರು. ಮಾರ್ಕ್ ಕಬ್ಬನ್ ಎಂಬವರು ಜನರನ್ನು ಕಾಡುತ್ತಿದ್ದ ನೂರಾರು ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ರಸ್ತೆಗಳಾದವು, ಕಾಗದಪತ್ರಗಳು ಕ್ರಮಕ್ಕೆ ಬಂದವು. ಆದರೂ ಆ ಆಳಿಕೆಯ ಕೊನೆಯ ವರ್ಷಗಳಲ್ಲಿ, ಅಂದರೆ 1876ರಿಂದ 1878ರ ವರೆಗೆ, ಬಂದ ಮಹಾ ಬರಗಾಲದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರು ಅಳಿದುಹೋದರೆಂದು ಲೆಕ್ಕವಾಗಿದೆ. ಆ ಕಾಲದಲ್ಲಿ ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಮಿಶನ್ನುಗಳ ಅನಾಥಾಲಯಗಳಲ್ಲಿ ಸಾಕಿದರೆಂಬದು ನಮ್ಮ ಸಭೆಗಳ ಹಿರಿಯರು ಮರೆಯದ ಸಂಗತಿ. ನಮ್ಮಲ್ಲಿ ಕೆಲವು ಮನೆತನಗಳ ಕಥೆಯು ಅಲ್ಲಿಂದಲೇ ಮೊದಲಾಗುತ್ತದೆ.

ಮಳೆ ತಪ್ಪಿದ್ದು ಕಮಿಷನರ ತಪ್ಪಲ್ಲ. ಆದರೆ ಅರ್ಥಶಾಸ್ತ್ರ ಪಂಡಿತರಾದ ಅಮರ್ತ್ಯ ಸೇನರು ನಮ್ಮ ಕಾಲದಲ್ಲಿ ಒಂದು ಮಾತನ್ನು ಎತ್ತಿ ತೋರಿಸಿದ್ದಾರೆ: ಜನರಿಂದ ಆರಿಸಲ್ಪಟ್ಟ ಸರಕಾರವೂ ನಿರ್ಭಯವಾಗಿ ಬರೆಯುವ ಪತ್ರಿಕೆಗಳೂ ಇರುವ ದೇಶದಲ್ಲಿ ದೊಡ್ಡ ಕ್ಷಾಮವು ಬೀಳುವದಿಲ್ಲ. ಯಾಕೆ? ಹಸಿದವನ ಕೂಗು ಆಳುವವನ ಕುರ್ಚಿಯನ್ನು ಅಲ್ಲಾಡಿಸುವದಾದರೆ, ಆಳುವವನು ಆ ಕೂಗನ್ನು ಬೇಗ ಕೇಳುತ್ತಾನೆ. ಕಮಿಷನರ ಕುರ್ಚಿಯನ್ನು ಹಸಿದವರು ಅಲ್ಲಾಡಿಸುವಂತಿರಲಿಲ್ಲ. ಅವರು ಉತ್ತರ ಕೊಡಬೇಕಾದದ್ದು ಕಲ್ಕತ್ತೆಗೆ, ಲಂಡನಿಗೆ. ತುಮಕೂರಿಗೂ ಕೋಲಾರಕ್ಕೂ ಅಲ್ಲ. ಬಲ್ಲವರು ಆಳಿದರೂ ಅವರ ಕಿವಿ ಎಲ್ಲಿದೆ ಎಂಬದನ್ನು ನಾವು ಕೇಳಬೇಕು.

ಕೆಲವರ ಆಳಿಕೆಯು ದೊಡ್ಡ ಊರುಗಳಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿರಿ. ನಮ್ಮ ಹಳ್ಳಿಯಲ್ಲಿಯೇ ಅದು ಬೇರೂರಿತ್ತು. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ, ತೋಟಿಯ ಮಗ ತೋಟಿ, ನೀರುಗಂಟಿಯ ಮಗ ನೀರುಗಂಟಿ. ಊರಿನ ಪಂಚಾಯತಿ ಕಟ್ಟೆಯ ಮೇಲೆ ಕೂತವರು ಕೆಲವರು. ದೂರದಲ್ಲಿ ಕೈಕಟ್ಟಿ ನಿಂತವರು ನಮ್ಮ ಹಿರಿಯರಲ್ಲಿ ಅನೇಕರು. ತೀರ್ಪು ಅವರ ವಿಷಯವಾದರೂ ಮಾತು ಅವರದ್ದಲ್ಲ. 1961ನೇ ಇಸವಿಯಲ್ಲಿ ಆದ ಕಾನೂನಿನಿಂದ ಈ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಹಿಂದಿನ ಹಳ್ಳಿಯ ಆಡಳಿತವನ್ನು ಚಿನ್ನದ ಕಾಲವೆಂದು ಹಾಡುವವರಿದ್ದಾರೆ. ಆದರೆ ಡಾ. ಅಂಬೇಡ್ಕರರು 1948ನೇ ಇಸವಿ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುವಾಗ ಹಳ್ಳಿಯ ಆ ಹಳೆಯ ವ್ಯವಸ್ಥೆಯನ್ನು ಖಂಡಿಸಿ, ದೇಶದ ಆಡಳಿತಕ್ಕೆ ಹಳ್ಳಿಯನ್ನಲ್ಲ, ಒಬ್ಬೊಬ್ಬ ಮನುಷ್ಯನನ್ನೇ ಮೂಲವಾಗಿ ಹಿಡಿಯಬೇಕೆಂದು ವಾದಿಸಿದರು. ಕಟ್ಟೆಯ ಕೆಳಗೆ ನಿಂತು ನೋಡಿದವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಬಹುಜನರ ಆಳಿಕೆ. ಇದು ಒಂದೇ ದಿನದಲ್ಲಿ ಬಂದದ್ದಲ್ಲ. ರಾಜ್ಯವನ್ನು ಒಡೆಯರಿಗೆ ಹಿಂದಕ್ಕೆ ಒಪ್ಪಿಸಿದ 1881ನೇ ಇಸವಿಯಲ್ಲಿಯೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯು ಹುಟ್ಟಿತು. ಆ ವರ್ಷದ ಅಕ್ಟೋಬರ್ 7ರಂದು 144 ಸದಸ್ಯರು ಮೊದಲನೆಯ ಸಾರಿ ಕೂಡಿದರು. ದೇಶೀಯ ಸಂಸ್ಥಾನಗಳಲ್ಲಿ ಇಂಥದು ಇದೇ ಮೊದಲು. ಆದರೆ ಆ ಸಭೆಯು ಅರಿಕೆ ಮಾಡಬಹುದಾಗಿತ್ತು, ಆಜ್ಞೆ ಮಾಡಕೂಡದಾಗಿತ್ತು. ಮೊದಲು ನೇಮಕದಿಂದ, 1891ರಿಂದ ಚುನಾವಣೆಯಿಂದ, ಸದಸ್ಯರು ಬಂದರು. ಆದರೂ ಓಟು ಇದ್ದದ್ದು ಕಂದಾಯ ಕಟ್ಟುವವರಿಗೆ, ಆಸ್ತಿಯುಳ್ಳವರಿಗೆ. ಕೂಲಿಯವನಿಗೆ ಇಲ್ಲ. 1907ರಲ್ಲಿ ಶಾಸನ ಸಭೆಯು ಏರ್ಪಟ್ಟಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಜನರು ಜವಾಬ್ದಾರಿ ಸರಕಾರಕ್ಕಾಗಿ ಚಳವಳಿ ಮಾಡಬೇಕಾಯಿತು. 1947ನೇ ಇಸವಿ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂತು. 1950ನೇ ಇಸವಿ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಾಗ ಆಸ್ತಿ ಇಲ್ಲದವನಿಗೂ ಅಕ್ಷರ ಬಾರದವಳಿಗೂ ಒಡೆಯರ ವಂಶದವರಿಗೂ ಒಂದೊಂದೇ ಓಟು ಆಯಿತು. 69 ವರ್ಷಗಳ ದಾರಿ ಇದು.

ಹಳ್ಳಿಯ ಬಾಗಿಲಿಗೆ ಈ ಅಧಿಕಾರವು ತಲುಪುವದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಕರ್ನಾಟಕದಲ್ಲಿ 1983ರ ಕಾನೂನಿನ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ಇದಕ್ಕಾಗಿ ಹೆಚ್ಚು ದುಡಿದ ಮಂತ್ರಿಯು ಅಬ್ದುಲ್ ನಜೀರ್ ಸಾಬರು. ಬಾಯಾರಿದ ಊರುಗಳಲ್ಲಿ ಕೊಳವೆ ಬಾವಿಗಳನ್ನು ತೋಡಿಸಿದ್ದರಿಂದ ಜನರು ಅವರನ್ನು ನೀರ್ ಸಾಬ್ ಎಂದು ಕರೆದರು. ಸ್ಥಾನಗಳಲ್ಲಿ ನೂರಕ್ಕೆ 25 ಹೆಂಗಸರಿಗೆ ಮೀಸಲಾದವು. ಬಳಿಕ ಸಂವಿಧಾನದ 73ನೇ ತಿದ್ದುಪಡಿಯು 1993ನೇ ಇಸವಿ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮ ಪಂಚಾಯತಿಗಳು ದೇಶದ ಮೂಲ ಕಾನೂನಿನಲ್ಲಿಯೇ ನೆಲೆಗೊಂಡವು. ಈಗ ನಮ್ಮ ರಾಜ್ಯದಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಅರ್ಧ ಸ್ಥಾನಗಳು ಹೆಂಗಸರಿಗೆ. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಜನಸಂಖ್ಯೆಗೆ ತಕ್ಕ ಪಾಲು. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ. ಐದು ವರ್ಷಗಳಿಗೆ ಒಮ್ಮೆ ಚುನಾವಣೆ. ನಮ್ಮ ವಿಧವೆಯು ಗ್ರಾಮ ಸಭೆಯಲ್ಲಿ ಎದ್ದು ನಿಂತು, ನನ್ನ ಮೋರಿಗೆ ಬಂದ ಹಣ ಎಲ್ಲಿ ಹೋಯಿತು ಎಂದು ಕೇಳಬಹುದು. ಆಕೆ ಕಟ್ಟೆಯ ಕೆಳಗೆ ನಿಲ್ಲಬೇಕಾಗಿಲ್ಲ. ಬಯಸಿದರೆ ಅಧ್ಯಕ್ಷಳಾಗಿ ಅದೇ ಕುರ್ಚಿಯಲ್ಲಿ ಕೂತುಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ ಕಥೆಯು ಶುಭವಾಗಿ ಮುಗಿಯಿತೆಂದು ನಾವು ಕೈತೊಳಕೊಳ್ಳಬಾರದು. ಯಾಕಂದರೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಬೆಳಗ್ಗೆ ನಡೆದು ದಾಟಬಹುದಾದಷ್ಟು ನೆಲದೊಳಗೆ ಹಲವು ವಿಧದ ಆಡಳಿತಗಳು ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಅವು ನಮಗೆ ಕಠಿಣವಾದ ಪ್ರಶ್ನೆಗಳನ್ನು ಹಾಕುತ್ತವೆ.

ಎಲೆಕ್ಟ್ರಾನಿಕ್ ಸಿಟಿಯನ್ನು ನೋಡಿರಿ. 1978ನೇ ಇಸವಿಯಲ್ಲಿ ಆರ್. ಕೆ. ಬಾಳಿಗ ಎಂಬವರ ಮುಂದಾಲೋಚನೆಯಿಂದ ಸರಕಾರದ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಇದನ್ನು ಸ್ಥಾಪಿಸಿದರು. 2013ರಲ್ಲಿ ಇದು ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರದ ಆಡಳಿತಕ್ಕೆ ಬಂತು. ಸಂವಿಧಾನದ 243 ಕ್ಯೂ ಎಂಬ ವಿಧಿಯಲ್ಲಿ ಇದಕ್ಕೆ ಆಸ್ಪದವುಂಟು: ಕೈಗಾರಿಕೆಗಳೇ ಪುರಸೇವೆಗಳನ್ನು ಒದಗಿಸುವ ಸ್ಥಳದಲ್ಲಿ ಚುನಾಯಿತ ಪುರಸಭೆಯು ಇಲ್ಲದೆ ಇರಬಹುದು. ಅಲ್ಲಿ ಆಸ್ತಿ ತೆರಿಗೆಯನ್ನು ಎತ್ತಿ ರಸ್ತೆ, ದೀಪ, ನೀರು, ಕಸ ಇವುಗಳನ್ನು ನೋಡಿಕೊಳ್ಳುವದು ಆ ಪ್ರಾಧಿಕಾರವೇ. ಅದು ವಾರ್ಡುವಾರ್ಡಿನಿಂದ ಓಟಿನ ಮೂಲಕ ಹುಟ್ಟಿದ ಸಭೆಯಲ್ಲ. ಅದರೊಳಗಿನ ರಸ್ತೆಗಳು ಚೊಕ್ಕಟವಾಗಿವೆ, ಮರಗಳು ಸಾಲಾಗಿವೆ, ದೀಪಗಳು ಉರಿಯುತ್ತವೆ ಎಂದು ನೋಡಿದವರು ಹೇಳುತ್ತಾರೆ. ಹಾಗಾದರೆ, ಬಲ್ಲವರೂ ಹಣ ಕೊಡುವವರೂ ಆಳುವದೇ ಮೇಲಲ್ಲವೋ? ಓಟಿನಿಂದ ನಮಗೆ ಬಂದ ಲಾಭವೇನು? ಎಂದು ಅಲ್ಲಿ ಕೆಲಸಕ್ಕೆ ಹೋಗುವ ನಮ್ಮ ಯೌವನಸ್ಥರು ಮನೆಗೆ ಬಂದು ಕೇಳುವದುಂಟು.

ಈ ಪ್ರಶ್ನೆಯನ್ನು ಸಿಟ್ಟಿನಿಂದ ತಳ್ಳಿಬಿಡಬಾರದು. ಚೊಕ್ಕಟವಾದ ರಸ್ತೆಯು ಒಳ್ಳೆಯದೇ. ಆದರೆ ಮೂರು ಸಂಗತಿಗಳನ್ನು ಲಕ್ಷ್ಯಕ್ಕೆ ತರಬೇಕು. ಮೊದಲನೆಯದಾಗಿ, ಹಣ ಕೊಟ್ಟವನಿಗೆ ಮಾತು ಎಂಬ ನಿಯಮವು ಹೊಸದಲ್ಲ; 1891ರ ಕಂದಾಯದ ಓಟೇ ಹೊಸ ಅಂಗಿ ತೊಟ್ಟುಕೊಂಡು ಬಂದಿದೆ. ಅಂದು ಭೂಮಿಯುಳ್ಳ ರೈತನು, ಇಂದು ಕಟ್ಟಡವುಳ್ಳ ಕಂಪೆನಿ. ಎರಡನೆಯದಾಗಿ, ಬೇಲಿಯು ನೆಲಕ್ಕೆ ಉಂಟು, ನೀರಿಗೆ ಇಲ್ಲ. ಒಳಗಿನ ಮಳೆ ನೀರು ಹೊರಗಿನ ಹಳ್ಳಿಗೆ ಹರಿಯುತ್ತದೆ. ಒಳಗೆ ಕಸ ಗುಡಿಸುವವಳೂ ಕಾವಲು ಕಾಯುವವನೂ ಸಂಜೆಯಾದ ಮೇಲೆ ಹೊರಗಿನ ಬಾಡಿಗೆ ಕೋಣೆಗೆ ಹಿಂತಿರುಗುತ್ತಾರೆ. ಒಳಗಿನ ತೀರ್ಮಾನವು ಹೊರಗಿನವರ ಬದುಕನ್ನು ಮುಟ್ಟುವದಾದರೆ, ಹೊರಗಿನವರ ಮಾತಿಗೆ ಒಳಗೆ ಸ್ಥಳವಿರಬೇಕು. ಎತ್ತಿದ ತೆರಿಗೆಯಲ್ಲಿ ಒಂದು ಪಾಲನ್ನು ಸುತ್ತಲಿನ ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂಬ ಏರ್ಪಾಡು ಆದದ್ದು ಈ ನ್ಯಾಯವನ್ನು ಒಪ್ಪಿಕೊಂಡಂತೆಯೇ. ಆದರೆ ಪಾಲು ಬೇರೆ, ಮಾತು ಬೇರೆ. ಮೂರನೆಯದಾಗಿ, ಆ ಪ್ರಾಧಿಕಾರವು ಇಂದು ಚೆನ್ನಾಗಿ ನಡೆದರೂ ನಾಳೆ ಕೆಟ್ಟರೆ, ಪಕ್ಕದೂರಿನ ನಮ್ಮ ವಿಧವೆಯು ಅದನ್ನು ಇಳಿಸುವದು ಹೇಗೆ? ಒಳ್ಳೆಯ ಯಜಮಾನನನ್ನು ಪಡೆದವನು ಸುಖಿ. ಆದರೆ ಕೆಟ್ಟ ಯಜಮಾನನನ್ನು ಬದಲಾಯಿಸಬಲ್ಲವನು ಮಾತ್ರ ಸ್ವತಂತ್ರನು.

ಇನ್ನು ವೈಟ್‌ಫೀಲ್ಡ್, ಪೀಣ್ಯಗಳ ಕಡೆಗೆ ತಿರುಗೋಣ. 2007ನೇ ಇಸವಿಯಲ್ಲಿ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಮೊದಲಾದ 7 ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದರು. ಪಂಚಾಯತಿಯ ಸದಸ್ಯನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದ ಹಳ್ಳಿಗರು ಒಂದು ದೊಡ್ಡ ನಗರದ ಅಂಚಿನ ಜನರಾದರು. ತೆರಿಗೆಯ ಚೀಟಿ ಬೇಗನೆ ಬಂತು. ಕಾವೇರಿ ನೀರು ಬರಲಿಲ್ಲ. ಆ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತವು ಉದ್ಘಾಟನೆಯಾದದ್ದು 2024ನೇ ಇಸವಿ ಅಕ್ಟೋಬರ್ 16ರಂದು. 17 ವರ್ಷಗಳ ಮೇಲೆ. ಅಷ್ಟರೊಳಗೆ ಇನ್ನೊಂದು ಸಂಗತಿ ನಡೆಯಿತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು 2020ನೇ ಇಸವಿ ಸೆಪ್ಟೆಂಬರಿನಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯಲಿಲ್ಲ. 2025ನೇ ಇಸವಿ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯು ಹೋಗಿ ಅದರ ಬದಲಿಗೆ ಐದು ನಗರಪಾಲಿಕೆಗಳು ಏರ್ಪಡುವ ತನಕ, ಐದು ವರ್ಷಗಳ ಕಾಲ, ಸರಕಾರವು ನೇಮಿಸಿದ ಆಡಳಿತಾಧಿಕಾರಿಗಳೇ ನಗರವನ್ನು ಆಳಿದರು.

ಕಮಿಷನರ ಕಾಲವು ಸಣ್ಣದಾಗಿ ಮರಳಿ ಬಂದಂತಾಯಿತಲ್ಲವೇ? 2022ನೇ ಇಸವಿ ಸೆಪ್ಟೆಂಬರಿನ ಮಹಾ ಮಳೆಯಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆಯ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿ, ಬಡವರ ಶೀಟಿನ ಮನೆಗಳೂ ಶ್ರೀಮಂತರ ಬಂಗಲೆಗಳೂ ಕೂಡಿ ಮುಳುಗಿದಾಗ, ನಮ್ಮ ವಾರ್ಡಿನ ಸದಸ್ಯನು ಎಲ್ಲಿ ಎಂದು ಕೇಳುವದಕ್ಕೆ ಸದಸ್ಯನೇ ಇರಲಿಲ್ಲ. ಆದರೆ ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ರಾಜಕಾಲುವೆಗಳನ್ನು ಒತ್ತಿ ಕಟ್ಟಿದ ಕಟ್ಟಡಗಳೂ ಮುಚ್ಚಿಹೋದ ಕೆರೆಗಳೂ ಆ ಎರಡು ವರ್ಷಗಳಲ್ಲಿ ಆದವುಗಳಲ್ಲ. ಚುನಾಯಿತ ಸದಸ್ಯರು ಇದ್ದ ಕಾಲದಲ್ಲಿಯೂ ಪಂಚಾಯತಿಗಳು ಇದ್ದ ಕಾಲದಲ್ಲಿಯೂ ಆ ಅನ್ಯಾಯ ನಡೆಯಿತು. ಅನೇಕರು ನೋಡಿದರು, ಕೆಲವರು ಪಾಲು ತೆಗೆದುಕೊಂಡರು, ಮಿಕ್ಕವರು ಸುಮ್ಮನಿದ್ದರು. ಆದದರಿಂದ ಓಟು ಇದ್ದ ಮಾತ್ರಕ್ಕೆ ಊರು ಉಳಿಯುವದಿಲ್ಲ. ಓಟು ಇಲ್ಲದಿದ್ದರೆ ಕೇಳುವ ಹಕ್ಕಿಲ್ಲ. ಓಟು ಇದ್ದೂ ಕೇಳದಿದ್ದರೆ ಆ ಹಕ್ಕು ಹಗೇವಿನಲ್ಲಿ ಮುಗ್ಗಿದ ರಾಗಿಯಂತೆ.

ಪೀಣ್ಯದ ಸಂಗತಿಯು ಇನ್ನೊಂದು ಬಗೆ. ಅಲ್ಲಿಯ ಸಾವಿರಾರು ಸಣ್ಣ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತು ದುಡಿಯುವವರಲ್ಲಿ ಅನೇಕರು ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದವರು. ಅವರ ಹೆಸರು ಹುಟ್ಟೂರಿನ ಮತದಾರರ ಪಟ್ಟಿಯಲ್ಲಿದೆ. ಅವರ ಬದುಕು ಇಲ್ಲಿಯ ಗಲ್ಲಿಯಲ್ಲಿದೆ. ಅಲ್ಲಿ ಓಟು ಉಂಟು, ಮೋರಿ ಇಲ್ಲ; ಇಲ್ಲಿ ಮೋರಿ ಉಂಟು, ಓಟು ಇಲ್ಲ. ಹೀಗೆ ಪ್ರಜಾಪ್ರಭುತ್ವದ ನಡುವೆಯೇ ಬಾಯಿಲ್ಲದ ಜನರು ಹುಟ್ಟುತ್ತಾರೆ. ನಮ್ಮ ಸಭೆಗಳಿಂದ ಕೆಲಸಕ್ಕಾಗಿ ಹೋದ ಯೌವನಸ್ಥರೂ ಇವರಲ್ಲಿ ಇದ್ದಾರೆ. ವಾಸವಾಗಿರುವ ಸ್ಥಳದಲ್ಲಿಯೇ ಹೆಸರನ್ನು ಸೇರಿಸಿಕೊಳ್ಳುವದಕ್ಕೆ ಕಾನೂನಿನಲ್ಲಿ ಅವಕಾಶವುಂಟು ಎಂಬದನ್ನು ಅವರಿಗೆ ತಿಳಿಸಬೇಕು.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹುಡುಕೋಣ. ಒಳ್ಳೆಯ ರಾಜ್ಯಭಾರದ ಗುರುತು ಏನು? ಮೊದಲನೆಯದು, ಅದು ಎಲ್ಲರ ಹಿತಕ್ಕಾಗಿ, ಹೆಚ್ಚಾಗಿ ದುರ್ಬಲರ ಹಿತಕ್ಕಾಗಿ, ನಡೆಯಬೇಕು. ಎರಡನೆಯದು, ಆಳಲ್ಪಡುವವರು ಭಯವಿಲ್ಲದೆ ಲೆಕ್ಕವನ್ನು ಕೇಳುವದಕ್ಕೂ ರಕ್ತ ಸುರಿಸದೆ ಆಳುವವರನ್ನು ಬದಲಾಯಿಸುವದಕ್ಕೂ ದಾರಿ ಇರಬೇಕು. ಮೂರನೆಯದನ್ನು ಜನರು ಮರೆಯುತ್ತಾರೆ: ಅದು ತನ್ನ ಜನರನ್ನು ಯಾವ ತರದ ಮನುಷ್ಯರನ್ನಾಗಿ ಮಾಡುತ್ತದೆ? ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು ಈ ಮಾತನ್ನು ಒತ್ತಿ ಹೇಳಿದನು. ದಯಾಳುವಾದ ಒಡೆಯನ ಕೆಳಗೆ ಜನರು ಸುಖವಾಗಿ ಉಣ್ಣಬಹುದು, ಆದರೆ ಚಿಕ್ಕ ಮಕ್ಕಳಾಗಿಯೇ ಉಳಿಯುವರು. ಎತ್ತಿಕೊಂಡೇ ಸಾಕಿದ ಮಗುವಿಗೆ ಕಾಲು ಬರುವದಿಲ್ಲ. ಬಿದ್ದರೂ ಎದ್ದರೂ ನಡೆಯಲಿಕ್ಕೆ ಬಿಟ್ಟ ಮಗುವೇ ನಡೆಯುವದು. ಗ್ರಾಮ ಸಭೆಯಲ್ಲಿ ಮೊದಲನೆಯ ಸಾರಿ ಎದ್ದು ನಿಂತ ಹೆಂಗಸಿನ ಧ್ವನಿ ನಡುಗುತ್ತದೆ. ಎರಡನೆಯ ಸಾರಿ ಅಷ್ಟು ನಡುಗುವದಿಲ್ಲ. ಆಕೆಯ ಮೋರಿ ಆ ದಿನ ಸರಿಯಾಗದಿರಬಹುದು. ಆಕೆ ಮಾತ್ರ ಹಿಂದಿನ ಹೆಂಗಸಲ್ಲ.

ಈ ಮೂರನ್ನು ತೂಗಿ ನೋಡಿದರೆ ಬಹುಜನರ ಆಳಿಕೆಯೇ ಮೇಲೆಂದು ನಮಗೆ ತೋರುತ್ತದೆ. ಅದರ ರಸ್ತೆಯಲ್ಲಿ ಗುಂಡಿಗಳು ಹೆಚ್ಚಾಗಿರಬಹುದು. ಅದರ ಕೆಲಸವು ನಿಧಾನವಾಗಿರಬಹುದು. ಆದರೂ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಬಾಗಿಲನ್ನು ಅದೊಂದೇ ತೆರೆದಿಟ್ಟಿದೆ. ಹಾಗೆಂದು ಬಹುಜನರು ಎಂದಿಗೂ ತಪ್ಪುವದಿಲ್ಲವೆಂದು ನಾವು ಹೇಳುವದಿಲ್ಲ. ಬಹುಜನರು ಕೂಡಿ ಕೆಲವರನ್ನು ತುಳಿಯಬಹುದು. ನಾವು ಹೆಚ್ಚಿನ ಊರುಗಳಲ್ಲಿ ಕೆಲವರೇ ಆಗಿರುವದರಿಂದ ನಮಗೆ ಇದು ತಿಳಿಯದ ಸಂಗತಿಯಲ್ಲ. ಅದಕ್ಕಾಗಿಯೇ ಓಟಿನ ಮೇಲೆ ಸಂವಿಧಾನವೂ ನ್ಯಾಯಸ್ಥಾನವೂ ಇವೆ. ಎಣಿಕೆಯಿಂದ ತೀರ್ಮಾನಿಸತಕ್ಕ ಸಂಗತಿಗಳು ಕೆಲವು. ಎಷ್ಟು ಕೈಗಳು ಎದ್ದರೂ ಒಬ್ಬನಿಂದ ಕಿತ್ತುಕೊಳ್ಳಕೂಡದ ಸಂಗತಿಗಳು ಕೆಲವು.

ನಮ್ಮ ಮನೆಯನ್ನೂ ಇಲ್ಲಿ ನೋಡಿಕೊಳ್ಳುವದು ಒಳ್ಳೆಯದು. 1947ನೇ ಇಸವಿ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಕೂಡಿದಾಗ ಬಿಷಪರ ಆಡಳಿತವನ್ನು ಹಿಡಿದವರೂ ಹಿರಿಯರ ಆಡಳಿತವನ್ನು ಹಿಡಿದವರೂ ಸಭೆಯವರೆಲ್ಲರ ತೀರ್ಮಾನವನ್ನು ಹಿಡಿದವರೂ ಒಂದೇ ಮನೆಯೊಳಗೆ ಬಂದರು. ಒಬ್ಬನು, ಕೆಲವರು, ಬಹುಜನರು ಎಂಬ ಅದೇ ಮೂರು ರೀತಿಗಳು ಅಲ್ಲಿ ಒಂದಕ್ಕೊಂದು ಹದ್ದಾಗಿ ನಿಂತಿವೆ. ಆದರೆ ನಮ್ಮ ಸಭಾ ಕಮಿಟಿಯ ಲೆಕ್ಕವನ್ನು ಎಲ್ಲರ ಮುಂದೆ ಓದುವ ದಿನ ಎಷ್ಟು ಜನರು ಕೂತು ಕೇಳುತ್ತೇವೆ? ಲೆಕ್ಕ ಕೇಳಿದವನನ್ನು ಜಗಳಗಂಟನೆನ್ನುತ್ತೇವೋ, ನಂಬಿಗಸ್ತನೆನ್ನುತ್ತೇವೋ? ಸಣ್ಣ ಸಭೆಯಲ್ಲಿ ಕಲಿಯದ ಪಾಠವನ್ನು ದೊಡ್ಡ ರಾಜ್ಯದಲ್ಲಿ ನಡಿಸಲಾರೆವು.

ಮರಗಳು ತಮಗೊಬ್ಬ ಅರಸನನ್ನು ಹುಡುಕುತ್ತಾ ಹೊರಟ ಯೋತಾಮನ ಸಾಮ್ಯವನ್ನು ನೀವು ಬಲ್ಲಿರಿ. ಎಣ್ಣೆಯ ಮರವೂ ಅಂಜೂರವೂ ದ್ರಾಕ್ಷೆಯ ಬಳ್ಳಿಯೂ ತಮ್ಮ ತಮ್ಮ ಕೆಲಸವೇ ತಮಗೆ ಸಾಕೆಂದು ಹಿಂಜರಿದವು. ಕಡೆಗೆ ಮುಳ್ಳಿನ ಗಿಡವು ಒಪ್ಪಿಕೊಂಡಿತು. ಇದು ಹಳೆಯ ಕಥೆ ಮಾತ್ರವಲ್ಲ. 2020ನೇ ಇಸವಿಯ ಗ್ರಾಮ ಪಂಚಾಯತಿ ಚುನಾವಣೆಯ ಕಾಲದಲ್ಲಿ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದರೆಂಬ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗದವರು ಎಚ್ಚರಿಕೆ ಕೊಡಬೇಕಾಯಿತು. ಒಳ್ಳೆಯವರು ನಮಗೇಕೆ ಈ ರಾಜಕೀಯವೆಂದು ಮನೆಯೊಳಗೆ ಕೂತರೆ, ಕುರ್ಚಿಯು ಬರಿದಾಗಿರುವದಿಲ್ಲ. ಯಾರೋ ಒಬ್ಬನು ಕೂತುಕೊಳ್ಳುವನು.

ಆದಕಾರಣ, ಪ್ರಿಯರೇ, ನಾಲ್ಕು ಕೆಲಸಗಳನ್ನು ಮಾಡೋಣ. ಗ್ರಾಮ ಸಭೆಯ ದಿನವನ್ನು ತಿಳಿದುಕೊಂಡು ಆ ದಿನದ ಕೂಲಿಯು ಹೋದರೂ ಹೋಗಲೆಂದು ಅಲ್ಲಿಗೆ ಹೋಗೋಣ. ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಓಟಿಗೆ ಬದಲಾಗಿ ಹಣವನ್ನೂ ಸೀರೆಯನ್ನೂ ತೆಗೆದುಕೊಳ್ಳದಿರೋಣ, ಯಾಕಂದರೆ ಮಾರಿದ ಮೇಲೆ ಆ ವಸ್ತು ನಮ್ಮದಲ್ಲ, ಅದರ ಲೆಕ್ಕ ಕೇಳುವ ಹಕ್ಕೂ ನಮ್ಮದಲ್ಲ. ನಮ್ಮೊಳಗೆ ನಂಬಿಗಸ್ತನಾದ ಒಬ್ಬನೋ ಒಬ್ಬಳೋ ಇದ್ದರೆ ಅಭ್ಯರ್ಥಿಯಾಗಿ ನಿಲ್ಲೆಂದು ಧೈರ್ಯ ಹೇಳಿ, ಗೆದ್ದ ಮೇಲೆ ಅವರಿಂದಲೂ ಲೆಕ್ಕ ಕೇಳೋಣ. ಕಡೆಯದಾಗಿ, ನಮ್ಮ ಕೇರಿಗಾಗಿ ಮಾತ್ರ ಕೇಳದೆ, ಪಕ್ಕದ ಬಾಡಿಗೆ ಕೋಣೆಯಲ್ಲಿರುವ ಪರವೂರ ಕೂಲಿಯವನಿಗಾಗಿಯೂ ಕೇಳೋಣ. ಅವನಿಗೆ ಇಲ್ಲಿ ಓಟಿಲ್ಲ; ಆದರೆ ಅವನ ಮಗುವಿಗೂ ಜ್ವರ ಬರುತ್ತದೆ.

ಯಾರು ಆಳಿದರೂ ರಾಗಿ ಬೀಸುವದು ತಪ್ಪದು, ಅದು ನಿಜ. ದುಡಿಮೆಯಿಂದ ನಮ್ಮನ್ನು ಬಿಡಿಸುವ ರ‍ಾಜ್ಯಭಾರ ಯಾವದೂ ಇಲ್ಲ, ಅಂಥದ್ದನ್ನು ನಾವು ಬಯಸುವದೂ ಇಲ್ಲ. ಆದರೆ ಬೀಸಿದ ಹಿಟ್ಟು ಯಾರ ಮನೆಗೆ ಹೋಗುತ್ತದೆ, ತೂಗುವ ತಕ್ಕಡಿ ಯಾರ ಕೈಯಲ್ಲಿದೆ, ತೂಕ ಕಡಿಮೆಯಾದರೆ ಕೇಳುವವರು ಯಾರು ಎಂಬದು ಆಳುವ ರೀತಿಯ ಮೇಲೆ ನಿಂತಿದೆ. ನಮ್ಮ ಅಜ್ಜಂದಿರಿಗೆ ಆ ತಕ್ಕಡಿಯನ್ನು ಮುಟ್ಟುವದಕ್ಕೆ ಬಿಡಲಿಲ್ಲ. ನಮಗೆ ಬಿಟ್ಟಿದ್ದಾರೆ. ಮುಟ್ಟದೆ ಇದ್ದರೆ ಇನ್ನು ತಪ್ಪು ಅರಸನದಲ್ಲ, ಕಮಿಷನರದಲ್ಲ, ನಮ್ಮದೇ.